ಸರ್ ಎಂ.ವಿ. ಮತ್ತು ಎರಡು ಮೇಣದಬತ್ತಿ: ಚಪ್ಪಾಳೆ ಗಿಟ್ಟಿಸುವ ಕತೆಗಳ ಆಚೆಗಿನ ಬದುಕು

ಮೈಸೂರಿನ ಅಗ್ರಹಾರದ ಒಂದು ಸಣ್ಣ ಸಭಾಂಗಣ. ಎಂಜಿನಿಯರುಗಳ ದಿನದ ಆಸುಪಾಸು. ಕಚೇರಿ ಕೆಲಸವನ್ನು ಚೆನ್ನಾಗಿ ನಡೆಸುವುದು ಹೇಗೆ ಎಂಬ ವಿಷಯದ ಮೇಲೆ ಉಪನ್ಯಾಸ. ಮೊದಲ ಇಪ್ಪತ್ತು ನಿಮಿಷ ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಭಾಷಣಕಾರರು ವಿಶ್ವೇಶ್ವರಯ್ಯನವರ ಹೆಸರು ಎತ್ತಿದ್ದೇ ತಡ, ತಲೆಗಳೆಲ್ಲ ಮೇಲೆದ್ದವು. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚುತ್ತಿದ್ದ ಕತೆ ಬಂತು. ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ರೈಲಿನ ಚೈನು ಎಳೆದ ಕತೆಗೆ ಜೋರು ಚಪ್ಪಾಳೆ. ಕೊನೆಗೆ ಭಾಷಣಕಾರರು, ಅವರು ಗಡಿಯಾರ ನೋಡದೆ ದುಡಿದರು, ನೀವೂ ಹಾಗೇ ದುಡಿಯಿರಿ ಎಂದು ಮುಗಿಸಿದರು. ನನ್ನ ಪಕ್ಕದಲ್ಲಿದ್ದ, ಐಟಿ ಕಂಪನಿಯ ಗುರುತಿನ ಚೀಟಿ ಕೊರಳಲ್ಲಿದ್ದ ಯುವತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಸಂವಹನ ಓದಿದವಳಾಗಿ ನನಗೆ ಅಂದು ಭಾಷಣಕ್ಕಿಂತ ಕೇಳುಗರೇ ಹೆಚ್ಚು ಕುತೂಹಲ ಹುಟ್ಟಿಸಿದರು. ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ? ವಿಶ್ವೇಶ್ವರಯ್ಯನವರ ಬದುಕಿಗೋ, ಅವರ ಹೆಸರಿನಲ್ಲಿ ಓಡಾಡುವ ಕತೆಗಳಿಗೋ?

ಮೊದಲು ಆ ಎರಡು ಕತೆಗಳು

ಮೇಣದಬತ್ತಿಯ ಕತೆ ಬರೀ ವಿಶ್ವೇಶ್ವರಯ್ಯನವರದಲ್ಲ. ಇದೇ ಕತೆಯನ್ನು ಚಾಣಕ್ಯನ ಬಗ್ಗೆ ಹೇಳುತ್ತಾರೆ. ಅಲ್ಲಿ ಮೇಣದಬತ್ತಿಯ ಬದಲು ದೀಪ, ಎದುರಿಗೆ ವಿದೇಶಿ ಅತಿಥಿ. ಎಂಟನೇ ಶತಮಾನದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಅವರ ಬಗ್ಗೆಯೂ ಹೇಳುತ್ತಾರೆ. ಹೆಸರು ಬದಲಾಗುತ್ತದೆ, ದೀಪ ಆರಿಸುವ ದೃಶ್ಯ ಹಾಗೇ ಉಳಿಯುತ್ತದೆ. ಜಾನಪದ ಓದುವವರು ಇಂಥವನ್ನು ಅಲೆಮಾರಿ ಕತೆಗಳು ಎನ್ನುತ್ತಾರೆ. ಊರಿಗೊಬ್ಬ ಪ್ರಾಮಾಣಿಕ ಸಿಕ್ಕರೆ ಕತೆ ಅವರ ಮನೆಯಲ್ಲಿ ಇಳಿದುಕೊಳ್ಳುತ್ತದೆ.

ರೈಲಿನ ಕತೆಯಲ್ಲಿ ಅವರು ಗಾಡಿಯಲ್ಲಿ ಕೂತೇ, ಸದ್ದಿನಲ್ಲಾದ ವ್ಯತ್ಯಾಸದಿಂದ ಮುಂದೆ ಹಳಿ ಮುರಿದಿರುವುದನ್ನು ಅರಿಯುತ್ತಾರೆ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಗಾಳಿಯಲ್ಲಿ ಬರೀ 340 ಮೀಟರ್. ಹಾಗಾಗಿ ಹಳಿಗೆ ಕಿವಿಯಿಟ್ಟರೆ ದೂರದ ಗಾಡಿಯ ಸದ್ದು ಬೇಗ ಕೇಳುತ್ತದೆ ಎನ್ನುವುದು ನಿಜ. ಆದರೆ ಅಂದಿನ ಹಳಿಗಳು ಉದ್ದಕ್ಕೂ ಒಂದೇ ಆಗಿರಲಿಲ್ಲ. ಕೆಲವು ಮೀಟರಿಗೊಮ್ಮೆ ಸಂದು ಬಿಟ್ಟು, ಪಟ್ಟಿ ಹಾಕಿ, ಬೋಲ್ಟು ಬಿಗಿದು ಜೋಡಿಸುತ್ತಿದ್ದರು. ಪ್ರತಿ ಸಂದಿನಲ್ಲೂ ಕಂಪನ ಒಂದಿಷ್ಟು ಸೋರಿಹೋಗುತ್ತದೆ. ಮೇಲಿಂದ ತಾನು ಕೂತ ಗಾಡಿಯದೇ ಗಡಗಡ ಸದ್ದು. ಇಷ್ಟರ ನಡುವೆ ಮುಂದಿನ ಬಿರುಕೊಂದನ್ನು ಕಿವಿಯಿಂದ ಗುರುತಿಸುವುದು ಬಹಳ ಕಷ್ಟ.

ಇದರಿಂದ ಅವರು ದೊಡ್ಡವರಲ್ಲ ಎಂದೇನೂ ಆಗುವುದಿಲ್ಲ. ಅವರ ನಿಜವಾದ ಕೆಲಸಗಳು ಈ ಕತೆಗಳಿಗಿಂತ ಸ್ವಾರಸ್ಯವಾಗಿವೆ.

ನೀರಿನ ಲೆಕ್ಕದಿಂದ ಶುರು

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು (1860 ಎನ್ನುವವರೂ ಇದ್ದಾರೆ). ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಕಾಲುವೆ ನೀರು ಕೆಲವೇ ಊರುಗಳ ಕೆಲವೇ ಹೊಲಗಳಿಗೆ ಧಾರಾಳವಾಗಿ ಹರಿದು, ಉಳಿದವರು ನೋಡುತ್ತ ಕೂರುವುದು ಅಲ್ಲಿ ಅವರ ಕಣ್ಣಿಗೆ ಬಿತ್ತು. ಅದಕ್ಕೆ ಅವರು ಬ್ಲಾಕ್ ಪದ್ಧತಿಯನ್ನು ಮುಂದಿಟ್ಟರು. ಹೊಲಗಳನ್ನು ಗುಂಪು ಮಾಡಿ, ಹೆಚ್ಚು ನೀರು ಬೇಡುವ ಬೆಳೆ, ಕಡಿಮೆ ಬೇಡುವ ಬೆಳೆಗಳನ್ನು ಸರದಿಯಂತೆ ಹಾಕಿಸಿ, ಅದೇ ನೀರನ್ನು ಹೆಚ್ಚು ಊರುಗಳಿಗೆ ಹಂಚುವುದು ಅದರ ತಿರುಳು. ರೈತರು ಮೊದಲು ಒಪ್ಪಲಿಲ್ಲ. ಸಿಗುತ್ತಿದ್ದ ನೀರು ಕೈತಪ್ಪುವ ಭಯ ಅವರದು. ವಿವರಿಸಿ, ಮಾಡಿ ತೋರಿಸಿದ ಮೇಲೆ ಪದ್ಧತಿ ನೆಲೆನಿಂತಿತು. ಅವರ ವೃತ್ತಿಯಲ್ಲಿ ಕೇಳುಗರ ಮೊದಲ ಪ್ರತಿಕ್ರಿಯೆ ಚಪ್ಪಾಳೆಯಾಗಿರಲಿಲ್ಲ, ಅನುಮಾನವಾಗಿತ್ತು.

1903ರ ಹೊತ್ತಿಗೆ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಬಂದವು. ನೀರು ನಿಗದಿತ ಮಟ್ಟ ದಾಟಿದರೆ ತಾವೇ ತೆರೆದುಕೊಳ್ಳುತ್ತಿದ್ದವು, ಇಳಿದರೆ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟೆಯ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ದಾರಿ ಅದು. ಇಂಥದೇ ಗೇಟುಗಳನ್ನು ಮುಂದೆ ಕನ್ನಂಬಾಡಿಯಲ್ಲೂ ಹಾಕಲಾಯಿತು.

ಮೈಸೂರಿನ ವರ್ಷಗಳು

1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ ಅಲ್ಲಿ ಪ್ರವಾಹ ತಡೆಯುವ ಯೋಜನೆ ರೂಪಿಸಿದರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರೊಳಗೆ ಅವರು ದಿವಾನಗಿರಿ ಬಿಟ್ಟು ದಶಕವೇ ಕಳೆದಿತ್ತು. ಹಾಗಾಗಿ ಕಟ್ಟೆಯನ್ನು ಅವರೊಬ್ಬರೇ ಕಟ್ಟಿದರು ಎನ್ನುವುದೂ ಅರ್ಧ ಸತ್ಯ. ಹಟ ಹಿಡಿದು ಯೋಜನೆಗೆ ಒಪ್ಪಿಗೆ ಪಡೆದವರು ಅವರು. ಹಣ ಒದಗಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ. ಮುಗಿಸಿದವರು ನಂತರದ ಎಂಜಿನಿಯರುಗಳು ಮತ್ತು ಸುಣ್ಣ, ಸುರ್ಕಿ, ಕಲ್ಲು ಹೊತ್ತ ಸಾವಿರಾರು ಕೂಲಿಗಳು.

ಅವರ ಆಡಳಿತದಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಇಂದಿನ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದವು. ಕಚೇರಿಗಳಲ್ಲಿ ಕೆಲಸ ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸುವ ದಕ್ಷತಾ ತಪಾಸಣೆಯನ್ನೂ ತಂದರು. ಕಡತ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಕೇಳುವುದು ಆ ಕಾಲಕ್ಕೆ ಹೊಸತು.

ದಕ್ಷತೆ ಎಂಬ ಮಾತು ಯಾರ ಕಿವಿಗೆ ಹೇಗೆ ಕೇಳಿತು?

ಅಂದಿನ ಉಪನ್ಯಾಸದಲ್ಲಿ ಈ ಭಾಗ ಬರಲೇ ಇಲ್ಲ. ಪರೀಕ್ಷೆ, ಅರ್ಹತೆ, ದಕ್ಷತೆ ಇವೇ ನೇಮಕಾತಿಯ ಅಳತೆಗೋಲಾಗಬೇಕು ಎನ್ನುವುದು ವಿಶ್ವೇಶ್ವರಯ್ಯನವರ ನಿಲುವು. ಆದರೆ ಸಂಸ್ಥಾನದಲ್ಲಿ ಓದು ಮೊದಲು ದಕ್ಕಿದ್ದು ಬ್ರಾಹ್ಮಣರಿಗೆ. ಜನಸಂಖ್ಯೆಯಲ್ಲಿ ಅವರು ಕೊಂಚವೇ ಇದ್ದರೂ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಅವರವೇ ಆಗಿದ್ದವು. ಹೀಗಾಗಿ ದಕ್ಷತೆ ಎಂಬ ಒಂದೇ ಮಾತು ಕೆಲವರಿಗೆ ನ್ಯಾಯದಂತೆ ಕೇಳಿತು, ಶಾಲೆಯ ಬಾಗಿಲನ್ನೇ ತಡವಾಗಿ ಕಂಡವರಿಗೆ ಮುಚ್ಚಿದ ಬಾಗಿಲಿನಂತೆ ಕೇಳಿತು. 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಈ ಭಿನ್ನಾಭಿಪ್ರಾಯದ ನಡುವೆ, ಅದೇ ವರ್ಷದ ಕೊನೆಗೆ, ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು ಕೊಡಬೇಕೆಂದು ಸಮಿತಿ ಶಿಫಾರಸು ಮಾಡಿತು. ಭಾರತದಲ್ಲಿ ಮೀಸಲಾತಿಯ ಆರಂಭದ ಹೆಜ್ಜೆಗಳಲ್ಲಿ ಅದೂ ಒಂದು. ಅಗ್ರಹಾರ ಎಂಬ ಹೆಸರಿನ ಬಡಾವಣೆಯಲ್ಲಿ ಕೂತು ಅರ್ಹತೆಯ ಬಗ್ಗೆ ಮಾತಾಡುವಾಗ ಇದನ್ನು ನೆನೆಯದಿದ್ದರೆ ಕತೆ ಅಪೂರ್ಣ.

ಗಡಿಯಾರ ನೋಡದೆ ದುಡಿದರೇ?

ಇಲ್ಲ. ಅವರು ಗಡಿಯಾರ ನೋಡಿಯೇ ದುಡಿದವರು. 1898ರಲ್ಲಿ ಜಪಾನ್ ನೋಡಿ ಬಂದ ಮೇಲೆ, ನಮ್ಮ ಜನ ಇನ್ನೂ ಹೆಚ್ಚು ಶ್ರಮ ಪಡಬೇಕು ಎಂದು ಅವರು ವಾದಿಸಿದ್ದು ನಿಜ. ಆದರೆ ಆ ವಾದದ ಜೊತೆಗೆ ವೇಳಾಪಟ್ಟಿ, ತರಬೇತಿ, ಯಂತ್ರ, ಒಟ್ಟಾಗಿ ದುಡಿಯುವ ಅಭ್ಯಾಸ ಇವೂ ಇದ್ದವು. ಅವರ ಸ್ವಂತ ದಿನಚರಿಯಲ್ಲಿ ಊಟಕ್ಕೆ, ನಡಿಗೆಗೆ, ನಿದ್ದೆಗೆ ಹೊತ್ತು ನಿಗದಿಯಾಗಿತ್ತು. ಹೊತ್ತು ಮೀರಿ ಕೂರಿಸುವುದನ್ನು ಅವರ ಹೆಸರಿನಲ್ಲಿ ಸಮರ್ಥಿಸುವುದು ಸರಿಯಲ್ಲ.

1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಂಡಲಿಗೆ ಅಧ್ಯಕ್ಷರಾಗಿದ್ದಾಗ ಅವರು ಮಾಡಿದ್ದೂ ಇದನ್ನೇ: ಖರ್ಚಿನ ಲೆಕ್ಕ ಬಿಗಿ ಮಾಡಿದರು, ಸ್ಥಳೀಯರನ್ನು ತರಬೇತಿ ಕೊಟ್ಟು ಮೇಲೆ ತಂದರು. ಆ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಕುಶಲ ಕೆಲಸ ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಎರಡು ಮೇಣದಬತ್ತಿಗಿಂತ ಇದು ದೊಡ್ಡ ಬೆಳಕಲ್ಲವೇ? 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಅವರು ತೀರಿಕೊಂಡರು.

ಹಾಗಾದರೆ ನಾವೇಕೆ ನಂಬುತ್ತೇವೆ?

ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಶಾಲೆಯ ಭಾಷಣದಲ್ಲಿ, ವಾಟ್ಸ್ಆ್ಯಪ್‌ನಲ್ಲಿ, ಮತ್ತೆ ಸಭೆಯಲ್ಲಿ ಕೇಳಿದ ಕತೆಗೆ ನಾವು ತಲೆಯಾಡಿಸುವುದು ಪರಿಚಯದ ಖುಷಿಗೆ. ಆ ಖುಷಿಯಲ್ಲಿ, ಕತೆಯ ಬಾಲಕ್ಕೆ ಕಟ್ಟಿದ ಉಪದೇಶವೂ ಸಲೀಸಾಗಿ ಒಳಗೆ ಬಂದುಬಿಡುತ್ತದೆ.

ಮುಂದಿನ ಸಲ ಇಂಥ ಭಾಷಣ ಕೇಳುವಾಗ ಎರಡು ಪ್ರಶ್ನೆ ಮನಸ್ಸಿನಲ್ಲಿರಲಿ. ಇದೇ ಕತೆಯನ್ನು ಬೇರೆ ಯಾರ ಹೆಸರಿನಲ್ಲಾದರೂ ಕೇಳಿದ್ದೇನೆಯೇ? ಈ ಕತೆ ಹೇಳಿ ನನ್ನಿಂದ ಏನು ಕೇಳುತ್ತಿದ್ದಾರೆ? ಅಂದು ಕಾಫಿ ಕುಡಿಯುವಾಗ ಆ ಯುವತಿ ಭಾಷಣಕಾರರನ್ನು ಕೇಳಿದ್ದೂ ಎರಡನೆಯದನ್ನೇ. ಅವರು ನಕ್ಕು ಮಾತು ಬದಲಿಸಿದರು. ಆಕೆ ಗಡಿಯಾರ ನೋಡಿ, ಹೊತ್ತಾಯಿತೆಂದು ಮನೆಗೆ ಹೊರಟಳು.