ಪುಸ್ತಕದ ಗಂಟು ಹೊತ್ತ ಗಳಗನಾಥರು

ನಮ್ಮ ಸಂಘದ ಸಂಚಿಕೆ ಹೊರಬಂದಾಗ ಅದನ್ನು ಹಾಸ್ಟೆಲಿನ ಕೋಣೆಕೋಣೆಗೆ ಒಯ್ದು ಮಾರೋದು ಅಂದರೆ ನಮಗೆಲ್ಲ ಸಂಕೋಚ. ಇಪ್ಪತ್ತು ಪ್ರತಿ ಹಿಡಿದು ಎರಡು ಮಹಡಿ ಹತ್ತಿದರೆ ಸಾಕು ಸಾಕಾಗುತ್ತದೆ. ಮಿತ್ರರೇ, ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದ ಒಬ್ಬ ಹಿರಿಯರನ್ನು ಇಲ್ಲಿ ನೆನೆಯೋಣ.

ವೆಂಕಟೇಶ ತಿರಕೋ ಕುಲಕರ್ಣಿ ಅಂದರೆ ಬಹಳ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ಗಳಗನಾಥ ಅಂದರೆ ಗೊತ್ತು. 1869ರಲ್ಲಿ ಹುಟ್ಟಿದರು. ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥ ಅವರ ಊರು. ಊರ ಹೆಸರೇ ಕಾವ್ಯನಾಮವಾಯಿತು. ಮೊದಲು ಶಾಲಾ ಮಾಸ್ತರರಾಗಿದ್ದರು. ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯದೇ ಜೋರು. ಓದುಬಲ್ಲ ಕನ್ನಡಿಗರೂ ಮರಾಠಿ ಕಾದಂಬರಿಯನ್ನೇ ಹಿಡಿಯುತ್ತಿದ್ದರು. ಗಳಗನಾಥರು ಇದೇ ಪುಣೆಯಲ್ಲಿದ್ದ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಆ ಓದುಗರನ್ನು ತಿರುಗಿ ಮನೆಗೆ ಕರೆದರು. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಬೆಳೆಸಿದರು. ಅವರ ‘ಮಾಧವ ಕರುಣಾ ವಿಲಾಸ’ ವಿಜಯನಗರದ ಸ್ಥಾಪನೆಯ ಕಥೆ.

ಇಷ್ಟೆಲ್ಲ ಆದರೂ ಕೈಯಲ್ಲಿ ಕಾಸಿಲ್ಲ. ಮಾಸ್ತರಿಕೆ ಬಿಟ್ಟು ಬರವಣಿಗೆಯನ್ನೇ ನಂಬಿದ್ದರು. ಬರೆಯುವವರು ಅವರೇ, ಅಚ್ಚು ಹಾಕಿಸುವವರು ಅವರೇ, ಮಾರುವವರೂ ಅವರೇ. ಅಚ್ಚಿನ ಖರ್ಚು ಮೊದಲೇ ಆಗಿಹೋಗುತ್ತದೆ. ಹಣ ವಾಪಸು ಬರುವುದು ಒಂದೊಂದೇ ಪ್ರತಿ ಹೋದ ಹಾಗೆ. ಹಳ್ಳಿಗಳಲ್ಲಿ ಪುಸ್ತಕದಂಗಡಿ ಎಲ್ಲಿ ಬರಬೇಕು? ಓದುಗ ಅಂಗಡಿಗೆ ಬಾರದಿದ್ದರೆ ಲೇಖಕನೇ ಓದುಗನ ಬಾಗಿಲಿಗೆ ಹೋಗಬೇಕು. ಗಳಗನಾಥರು ಹೋದರು.

ಹರೆಯದಲ್ಲಿ ಬಡತನ ಬಂದರೆ ಹೇಗೋ ನಡೆಯುತ್ತದೆ. ಇವತ್ತಲ್ಲ ನಾಳೆ ಅನ್ನುವ ಧೈರ್ಯ ಇರುತ್ತದೆ. ಮುಪ್ಪಿನಲ್ಲಿ ಆ ‘ನಾಳೆ’ಯೇ ಕಿರಿದಾಗುತ್ತದೆ. ಪುಸ್ತಕದ ಗಂಟು ಮೊದಲಿನಷ್ಟೇ ಭಾರ, ಹೊರುವ ಹೆಗಲು ಮಾತ್ರ ಮೊದಲಿನದಲ್ಲ. ಕೂಲಿಯವನಿಗೂ ಸಾಹಿತಿಗೂ ಈ ಲೆಕ್ಕ ಒಂದೇ: ಮೈ ನಡೆದರೆ ಊಟ ನಡೆಯುತ್ತದೆ. ಮಾಸ್ತರಿಕೆಯಲ್ಲೇ ಉಳಿದಿದ್ದರೆ ಕೊನೆಗಾಲಕ್ಕೆ ಪಿಂಚಣಿಯ ಆಸರೆಯಾದರೂ ಇರುತ್ತಿತ್ತೇನೋ. ಆಗ ಈ ಕಾದಂಬರಿಗಳು ಇರುತ್ತಿದ್ದವೋ ಇಲ್ಲವೋ. 1939ರಲ್ಲಿ ಮಹಾಯುದ್ಧ ಬಂತು; ಜೀವನದ ಖರ್ಚು ಏರಿತು. 1942ರಲ್ಲಿ, ಬಡತನದಲ್ಲೇ, ಗಳಗನಾಥರು ತೀರಿಕೊಂಡರು.

ಇಂದು ನಾವು ಅವರನ್ನು ಕನ್ನಡ ಕಾದಂಬರಿಯ ಪಿತಾಮಹ ಅನ್ನುತ್ತೇವೆ. ಬಿರುದು ದೊಡ್ಡದು, ಖರ್ಚಿಲ್ಲದ್ದು. ಅವರು ಬಾಗಿಲಿಗೆ ಬಂದಾಗ ಪುಸ್ತಕ ಕೊಂಡವರು ಅದಕ್ಕಿಂತ ಹೆಚ್ಚಿನ ಗೌರವ ಮಾಡಿದರು. ಅಂಥ ಗಂಟು ಹೊತ್ತ ವೃದ್ಧರು ಯಾರಾದರೂ ನಮ್ಮ ಬಾಗಿಲಿಗೆ ಬಂದರೆ, ಮುಂದಿನ ತಿಂಗಳು ಬನ್ನಿ ಅನ್ನದೆ ಒಂದು ಪ್ರತಿ ಕೊಳ್ಳೋಣ. ಆ ವಯಸ್ಸಿಗೆ ಮುಂದಿನ ತಿಂಗಳು ಬಹಳ ದೂರ.