ರೂವಾರಿ ಮಲ್ಲಿತಮ್ಮ

ನನ್ನ ಊರು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಚಿಕ್ಕಂದಿನಿಂದ ಎಷ್ಟು ಸಲ ನೋಡಿರುವೆನೋ ಲೆಕ್ಕವಿಲ್ಲ. ಆದರೆ ಅಲ್ಲಿನ ಶಿಲ್ಪಗಳ ಅಡಿಯಲ್ಲಿರುವ ಅಕ್ಷರಗಳ ಕಡೆಗೆ ನನ್ನ ದೃಷ್ಟಿ ಹರಿದದ್ದು ಕಳೆದ ಬೇಸಿಗೆಯಲ್ಲಿ, ಅದೂ ಒಂದು ಅವಮಾನವನ್ನು ಅನುಭವಿಸಿದ ಮೇಲೆ.

ರಜೆಯಲ್ಲಿ ಕೆಲಸ ಕೇಳಲೆಂದು ಒಂದು ಮುದ್ರಣಾಲಯಕ್ಕೆ ಹೋಗಿದ್ದೆ. ನಾನು ಬರೆದ ಚಿತ್ರಗಳನ್ನೂ ಪುಸ್ತಕದ ಹೊದಿಕೆಗಳನ್ನೂ ಒಂದು ಕಡತದಲ್ಲಿ ಸೇರಿಸಿದ್ದೆ. ಮೂವರು ಗೆಳೆಯರು ಕೂಡಿ ಮಾಡಿದ್ದ ನಾಟಕದ ಭಿತ್ತಿಪತ್ರವೊಂದನ್ನು ನನ್ನದೇ ಎಂಬಂತೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಅಲ್ಲಿನ ಹಿರಿಯರು ಅದನ್ನೇ ಎತ್ತಿಕೊಂಡು, ಇದರಲ್ಲಿ ನಿನ್ನ ಕೈ ಎಲ್ಲಿದೆ ಎಂದು ಕೇಳಿದರು. ನನಗೆ ಮಾತು ಹೊರಡಲಿಲ್ಲ. ಕೆಲಸವೂ ದೊರೆಯಲಿಲ್ಲ.

ಊರಿಗೆ ಮರಳಿದ ಮೇಲೆ ಬೇಲೂರಿಗೆ ಹೋದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರನ್ನು ಕೊರೆದಿದ್ದಾರೆ. ಕೆಲವರು ತಂದೆಯ ಹೆಸರು, ಊರು, ಎದುರಾಳಿ ಶಿಲ್ಪಿಗಳನ್ನು ಗೆದ್ದ ಬಿರುದುಗಳನ್ನೂ ಸೇರಿಸಿದ್ದಾರೆ. ಆ ಕಾಲದ ಶಿಲ್ಪಿಗೆ ಕಡತವೆಂದರೆ ಗುಡಿಯ ಗೋಡೆಯೇ ಅಲ್ಲವೇ ಎಂದು ನನಗೆ ಹೊಳೆಯಿತು. ಇಂಥ ಹೆಸರುಗಳನ್ನು ಹುಡುಕುತ್ತ ಹೋದಾಗ ಪರಿಚಯವಾದವನು ರೂವಾರಿ ಮಲ್ಲಿತಮ್ಮ. ರೂವಾರಿ ಎಂದರೆ ಶಿಲ್ಪಿ.

ಅವನ ಬಾಳಿನ ಕಥೆಯನ್ನು ಯಾವ ಕವಿಯೂ ಬರೆಯಲಿಲ್ಲ, ಬರೆದದ್ದೆಲ್ಲ ಕಲ್ಲಿನಲ್ಲಿಯೇ. ಅವನ ಹೆಸರು ಮೊದಲು ಕಾಣುವುದು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವದು. ಅಲ್ಲಿನ ಮಂಟಪದ ಗುಮ್ಮಟದಂಥ ಒಳಛಾವಣಿಗಳಲ್ಲಿ ಅವನು ತನ್ನ ಕೆಲಸವನ್ನು ಆರಂಭಿಸಿದನೆಂದು ಹೇಳುತ್ತಾರೆ. ಮುಂದೆ ನಮ್ಮ ಹಳೇಬೀಡಿಗೆ ಸಮೀಪದ, ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿಯೂ ಅವನ ಅಂಕಿತವಿದೆ.

ಚೆನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಗುಡಿಯ ಮುಂದೆ ನಿಂತಾಗ ನನಗೆ ನನ್ನ ಭಿತ್ತಿಪತ್ರ ನೆನಪಾಯಿತು. ಅಲ್ಲಿಯೂ ಕೆಲಸ ಹಲವರದು. ಆದರೆ ದಕ್ಷಿಣದ ಗೋಡೆಯ ಶಿಲ್ಪಗಳು ಬೈಚೋಜನವು, ಉತ್ತರದ ಗೋಡೆಯವು ಮಲ್ಲಿತಮ್ಮನವು ಎಂದು ಅಂಕಿತಗಳಿಂದಲೇ ತಿಳಿಯುತ್ತದೆ. ಒಬ್ಬನ ಕೈಯನ್ನು ಮತ್ತೊಬ್ಬನು ತನ್ನದೆಂದು ಹೇಳಿಕೊಂಡಿಲ್ಲ. ನೋಡುವವನು ಎರಡು ಗೋಡೆಗಳನ್ನೂ ಸುತ್ತಿ ಬಂದು ತಾನೇ ಹೋಲಿಸಿ ನೋಡಬಹುದು.

13ನೆಯ ಶತಮಾನದ ಉತ್ತರಾರ್ಧದಲ್ಲಿ ಅವನ ಹೆಸರು ಸೋಮನಾಥಪುರದಲ್ಲಿ ಬೆಳಗಿತು. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಕಟ್ಟಿಸಿದ ಕೇಶವ ದೇವಾಲಯದಲ್ಲಿ ಮಸಣಿತಮ್ಮ, ಚೌಡಯ್ಯ, ಬಾಲಯ್ಯ ಮುಂತಾದವರೂ ದುಡಿದರು. ಮಲ್ಲಿತಮ್ಮನ ಅಂಕಿತ ಮಾತ್ರ ಸುಮಾರು 40 ವಿಗ್ರಹಗಳಲ್ಲಿದೆ. ಇಷ್ಟು ದೀರ್ಘಕಾಲ ಅವನನ್ನು ಒಂದು ಗುಡಿಯಿಂದ ಮತ್ತೊಂದಕ್ಕೆ ಕರೆದೊಯ್ದದ್ದು ಯಾವುದು? ಹಿಂದಿನ ಗುಡಿಯನ್ನು ಕಂಡವರು ಅವನ ಕೈಯನ್ನು ಗುರುತಿಸಿರಬೇಕು ಎಂದೇ ನಾನು ನಂಬಿದ್ದೇನೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಅದರಲ್ಲಿ ಕೊರೆದ ಹೆಸರೂ ಹಾಗೆಯೇ ಗಟ್ಟಿಯಾಯಿತು.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಕಟ್ಟಿಸಿದ ದೊರೆಗಳ ಜೊತೆಗೆ ಕೆತ್ತಿದವರ ಹೆಸರನ್ನೂ ನಾವು ಇಂದು ಹೇಳಬಲ್ಲೆವು. ಪ್ರಾಚೀನ ಭಾರತದ ಎಷ್ಟೋ ಶಿಲ್ಪಿಗಳಿಗೆ ಈ ಭಾಗ್ಯವಿಲ್ಲ.

ನಾನು ನನ್ನ ಕಡತವನ್ನು ಬಿಚ್ಚಿದೆ. ಮೂವತ್ತು ಹಾಳೆಗಳಲ್ಲಿ ಎಂಟನ್ನು ಮಾತ್ರ ಉಳಿಸಿಕೊಂಡೆ. ಆ ಭಿತ್ತಿಪತ್ರವನ್ನು ಎಸೆಯಲಿಲ್ಲ. ಅದರ ಕೆಳಗೆ ಮೂವರ ಹೆಸರನ್ನೂ ಬರೆದು, ಅಕ್ಷರಗಳು ಮಾತ್ರ ನನ್ನವೆಂದು ಸೇರಿಸಿದೆ. ಮುಂದಿನ ಸಲ ನನ್ನ ಕೈ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಉತ್ತರದ ಗೋಡೆಯಾದರೂ ಇರುವುದಲ್ಲ, ಅಷ್ಟು ಸಾಕು.