ವೆಂಕಟಮಖಿ: ಹೆಸರೂ ಹೌದು, ನಂಬರೂ ಹೌದು

ಈ ಸಂಚಿಕೆಯ ಜೀವನಚರಿತ್ರೆಗೆ ನಾವು ಆರಿಸಿದ್ದು ಇಂಜಿನಿಯರ್‌ನನ್ನಲ್ಲ. ಆದ್ರೆ ಆಡಿಯೋ ಪ್ಲಗಿನ್ ಬರೆಯೋರು ಯಾರಾದ್ರೂ ಈತನ ಕೆಲಸ ನೋಡಿದ್ರೆ, ಇವನು ನಮ್ಮವನೇ ಅನ್ನಿಸುತ್ತೆ.

ವೆಂಕಟಮಖಿಯ ಪೂರ್ಣ ಹೆಸರು ವೆಂಕಟೇಶ್ವರ ದೀಕ್ಷಿತ. ತಂದೆ ಗೋವಿಂದ ದೀಕ್ಷಿತ, ತಾಯಿ ನಾಗಮಾಂಬ. ಕನ್ನಡ ಮನೆತನ, ಆದ್ರೆ ಬದುಕಿದ್ದು ತಂಜಾವೂರಿನಲ್ಲಿ. ಗೋವಿಂದ ದೀಕ್ಷಿತ ಅಲ್ಲಿನ ನಾಯಕ ಅರಸರ ಮಂತ್ರಿ. ರಾಜ್ಯದ ಕೆಲಸದ ಜೊತೆಗೆ ಸಂಗೀತಶಾಸ್ತ್ರವೂ ಗೊತ್ತಿದ್ದ ಮನುಷ್ಯ. ಅಣ್ಣ ಯಜ್ಞನಾರಾಯಣ ಕವಿ. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಪಾಠಕ್ಕೇನೂ ಕೊರತೆ ಇರಲಿಲ್ಲ ಬಿಡ್ರಿ. ಸಂಗೀತ ಕಲಿತದ್ದು ತಾನಪ್ಪಾಚಾರ್ಯರ ಹತ್ರ. ಮೀಮಾಂಸೆಯಲ್ಲೂ ದೊಡ್ಡ ವಿದ್ವಾಂಸನಾದ. ಒಂದು ಶಬ್ದಕ್ಕೆ ಎಲ್ಲಿ ಯಾವ ಅರ್ಥ ಅಂತ ಕೂದಲು ಸೀಳೋ ಶಾಸ್ತ್ರ ಅದು. ಆ ಅಭ್ಯಾಸ ಸಂಗೀತದಲ್ಲೂ ಕೈ ಹಿಡೀತು ಅಂತ ನಮ್ಮ ಅನಿಸಿಕೆ.

17ನೇ ಶತಮಾನದಲ್ಲಿ ವಿಜಯರಾಘವ ನಾಯಕ ಕೇಳಿಕೊಂಡಿದ್ದಕ್ಕೆ ಈತ ಬರೆದ ಗ್ರಂಥ ‘ಚತುರ್ದಂಡಿ ಪ್ರಕಾಶಿಕೆ’. ಶುರು ಆಗೋದೇ ವೀಣೆಯಿಂದ. ಇದು ನಮಗೆ ಬಹಳ ಮುಖ್ಯ ಅನ್ನಿಸ್ತು, ಯಾಕಂದ್ರೆ ಸಮಸ್ಯೆ ಇರೋದೇ ಅಲ್ಲಿ. ಒಂದು ಸ್ಥಾಯಿಯಲ್ಲಿ ಸ್ವರದ ಜಾಗ 12. ಆದ್ರೆ ಹೆಸರು 16! ವೀಣೆಯ ಒಂದೇ ಮನೆಯನ್ನು ಒಂದು ರಾಗದಲ್ಲಿ ರಿಷಭ ಅಂತಾರೆ, ಇನ್ನೊಂದರಲ್ಲಿ ಗಾಂಧಾರ ಅಂತಾರೆ. ಧೈವತ ನಿಷಾದಕ್ಕೂ ಹಂಗೇ. ಬೆರಳಿಟ್ಟ ಮನೆಗೆ ತನ್ನ ಹೆಸರು ಗೊತ್ತಿರಲ್ಲ.

ಪ್ಯೂರ್ ಡೇಟಾಗೆ ಸಿ ಭಾಷೆಯಲ್ಲಿ ಪ್ಲಗಿನ್ ಬರೆದವರಿಗೆ ಇದು ಕೇಳಿದ ಕಥೆ. ಅಲ್ಲಿ ಆರ್ಗ್ಯುಮೆಂಟ್ ಬರೋದು ಆಟಂ ಅನ್ನೋ ಡಬ್ಬಿಯಲ್ಲಿ. ಒಳಗೆ ಒಂದೇ ಜಾಗ. ಅದರಲ್ಲಿ ಫ್ಲೋಟ್ ಇರಬಹುದು, ಸಿಂಬಲ್‌ನ ಪಾಯಿಂಟರ್ ಇರಬಹುದು. ಯಾವುದು ಅಂತ ಹೇಳೋಕೆ ಪಕ್ಕದಲ್ಲಿ ಟೈಪ್ ಚೀಟಿ ಬೇರೆ ಅಂಟಿಸಿರ್ತಾರೆ. ಚೀಟಿ ನೋಡದೆ ಓದಿದ್ರೆ ಕಸ ಬರುತ್ತೆ. ಸಿಂಬಲ್ ಇದ್ದಲ್ಲಿ ಲೈಬ್ರರಿಯ ಫಂಕ್ಷನ್‌ನಿಂದ ಫ್ಲೋಟ್ ಕೇಳಿದ್ರೆ ಇನ್ನೂ ಕಷ್ಟ: ಎರರ್ ಇಲ್ಲ, ಸುಮ್ಮನೆ 0 ಕೊಡುತ್ತೆ.

ಸುರೇಬಾನದ ಭಜನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತವರು ಶ್ರುತಿ ಕೇಳಿದ್ರೆ ಬರೋ ಉತ್ತರವೂ ಇದೇ ಜಾತಿ: ಕರಿ ಎರಡು, ಬಿಳಿ ಎರಡು. ಮೊದಲು ಸಿಂಬಲ್, ಆಮೇಲೆ ನಂಬರ್. ಬರೀ ಎರಡು ಅಂದ್ರೆ ಯಾರಿಗೂ ಮನೆ ಸಿಗಲ್ಲ.

ವೆಂಕಟಮಖಿ ಚೀಟಿ ಅಂಟಿಸಿದ. ರಿಷಭಕ್ಕೆ ರ, ರಿ, ರು. ಗಾಂಧಾರಕ್ಕೆ ಗ, ಗಿ, ಗು. ಮೂರು ಮೂರಲೇ ಒಂಬತ್ತು ಜೋಡಿ ಆಗಬೇಕು. ಆದ್ರೆ ರಿ-ಗ ಎರಡೂ ಒಂದೇ ಮನೆ, ರು-ಗಿ ಒಂದೇ ಮನೆ, ರು-ಗ ಇಟ್ಟರೆ ಗಾಂಧಾರವೇ ರಿಷಭಕ್ಕಿಂತ ಕೆಳಗೆ ಹೋಗುತ್ತೆ. ಮೂರೂ ಔಟ್. ಉಳಿದದ್ದು 6. ಮೇಲಿನ ಧೈವತ-ನಿಷಾದಕ್ಕೂ 6. ಮಧ್ಯಮ 2. ಷಡ್ಜ ಪಂಚಮ ಅಲ್ಲಾಡಲ್ಲ. 6, 6, 2 ಗುಣಿಸಿ: 72 ಮೇಳ.

ಆಗ ಬಳಕೆಯಲ್ಲಿದ್ದ ಮೇಳ ಅಂತ ಈತನೇ ಹೇಳಿದ್ದು 19. ಉಳಿದ 53 ಖಾಲಿ ಮನೆ! ಯಾರೂ ಹಾಡದ ರಾಗಕ್ಕೆ ಜಾಗ ಯಾಕೆ ಅಂತ ಕೇಳ್ತಾರೆ ಅನ್ನೋದು ಅವನಿಗೆ ಗೊತ್ತಿತ್ತು. ಬೇರೆ ಸೀಮೆಯಲ್ಲಿ ಇರೋ, ಮುಂದೆ ಹುಟ್ಟೋ ರಾಗಗಳೂ ಇದರಲ್ಲಿ ಕೂರಬೇಕು ಅನ್ನೋದು ಅವನ ವಾದ. ಈ 72ಕ್ಕೆ ಒಂದು ಸೇರಿಸೋಕೆ, ಒಂದು ಕಳೆಯೋಕೆ ಶಿವನಿಗೂ ಆಗಲ್ಲ ಅಂತ ಬೇರೆ ಬರೆದಿಟ್ಟ. ಜಂಬ ಸ್ವಲ್ಪ ಜಾಸ್ತೀನೇ. 1550ರಲ್ಲಿ ವಿಜಯನಗರದಲ್ಲಿ ‘ಸ್ವರಮೇಳಕಲಾನಿಧಿ’ ಬರೆದ ರಾಮಾಮಾತ್ಯ 20 ಮೇಳ ಹೇಳಿದ್ದ. ಅವನನ್ನಂತೂ ವೆಂಕಟಮಖಿ ಕಟುವಾಗಿ ಝಾಡಿಸಿದ್ದಾನೆ. ದಾರಿ ಮಾಡಿಕೊಟ್ಟ ಹಿರಿಯನಿಗೆ ಅಷ್ಟು ಬೈಗುಳ ಬೇಕಿರಲಿಲ್ಲ ಅನ್ನಿಸುತ್ತೆ.

ಮೇಳಗಳಿಗೆ ನಂಬರ್ ಅಡಗಿಸಿದ ಹೆಸರು ಬಂದದ್ದು ಅವನ ನಂತರ. ಕಟಪಯಾದಿ ಲೆಕ್ಕದಲ್ಲಿ ಧ ಅಂದ್ರೆ 9, ರ ಅಂದ್ರೆ 2. ತಿರುಗಿಸಿದ್ರೆ ಧೀರಶಂಕರಾಭರಣ 29. ಮೇಚಕಲ್ಯಾಣಿ: ಮ 5, ಚ 6, ಅಂದ್ರೆ 65. ಹಂಗಾಗಿ ಮೇಳದ ಪ್ಲಗಿನ್‌ಗೆ ಬಳಸೋರು 29 ಅಂತಾನೂ ಕೊಡ್ತಾರೆ, ಧೀರಶಂಕರಾಭರಣ ಅಂತಾನೂ ಕೊಡ್ತಾರೆ. ಎರಡೂ ಸರಿ. ಫ್ಲೋಟ್ ಮಾತ್ರ ಸಾಕು ಅಂತ ಘೋಷಿಸಿದ್ರೆ ಹೆಸರು ಬರೆದವರಿಗೆ ಆಬ್ಜೆಕ್ಟೇ ಹುಟ್ಟಲ್ಲ. ಯಾವ ಟೈಪ್ ಆದ್ರೂ ಬರಲಿ ಅಂತ ಇಡೀ ಪಟ್ಟಿ ತಗೊಂಡು, ಒಂದೊಂದರ ಚೀಟಿ ನೋಡಿ, ಫ್ಲೋಟ್ ಆದ್ರೆ 1ರಿಂದ 72ರ ಒಳಗಿದೆಯಾ ಅಂತ ನೋಡಬೇಕು. ಸಿಂಬಲ್ ಆದ್ರೆ ಮೊದಲೆರಡು ಅಕ್ಷರದಿಂದ ನಂಬರ್ ತೆಗೀಬೇಕು. ಆಮೇಲೆ 1 ಕಳೆದು 36ರಿಂದ ಭಾಗಿಸಿದ್ರೆ ಮಧ್ಯಮ. ಶೇಷವನ್ನು 6ರಿಂದ ಭಾಗಿಸಿದ್ರೆ ರಿ-ಗ ಜೋಡಿ, ಅದರ ಶೇಷ ಧ-ನಿ ಜೋಡಿ. ಸಿಂಬಲ್‌ನ 0 ಇಲ್ಲಿಗೆ ಬಂದ್ರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ಗ್ರಂಥ ಬಹಳ ಕಾಲ ಹಸ್ತಪ್ರತಿಯಲ್ಲೇ ಉಳೀತು. 1904ರಲ್ಲಿ ಮುಂಬೈಯ ಭಾತಖಂಡೆ ಎಟ್ಟಯಪುರಕ್ಕೆ ಹೋಗಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ಅಲ್ಲಿ ಅವರಿಗೆ ಈ ಗ್ರಂಥದ ಪರಿಚಯ ಆಯ್ತು. ಮುಂದೆ ಅವರು ಹಿಂದೂಸ್ತಾನಿಗೆ ಮಾಡಿದ 10 ಥಾಟ್‌ಗಳಲ್ಲಿ ಹತ್ತಕ್ಕೆ ಹತ್ತೂ ವೆಂಕಟಮಖಿಯ 72ರೊಳಗೇ ಸಿಗ್ತವೆ. ಬಿಲಾವಲ್ 29, ಕಲ್ಯಾಣ್ 65, ಭೈರವ್ 15. ಹಂಗಾಗಿ ನಮ್ಮ ಧಾರವಾಡ-ಬೆಳಗಾವಿ ಕಡೆಯವರು ಥಾಟ್ ಹೆಸರು ಕೊಟ್ಟರೂ ಪ್ಲಗಿನ್ ಒಪ್ಪಬೇಕು. ಅಲ್ಲಿ ಕಟಪಯಾದಿ ನಡೆಯಲ್ಲ, ಹತ್ತು ಸಾಲಿನ ಟೇಬಲ್ ಬೇರೆ ಇಡಬೇಕು.

ಹತ್ತು ಅಧ್ಯಾಯದ ಆ ಗ್ರಂಥದಲ್ಲಿ ಕೊನೆಯದು, ತಾಳದ ಅಧ್ಯಾಯ, ಇವತ್ತಿಗೂ ಸಿಕ್ಕಿಲ್ಲ.